ನೀರು ಕೇಳಿ ಬರುತ್ತಿದ್ದ ದನದ ಡಾಕ್ಟರು

ಅವರ ಎಡಗೈಯ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಅರ್ಧಚಂದ್ರದಂತೆ ಹಲ್ಲಿನ ಗುರುತುಗಳಿದ್ದವು. ಬಿಳಿಚಿಕೊಂಡ ಹಳೆಯ ಗಾಯ. ಬೆಂಕಿಯ ಬೆಳಕು ಬಿದ್ದಾಗ ಮಾತ್ರ ಎದ್ದು ಕಾಣುತ್ತಿತ್ತು. ನಾನು ಅದನ್ನು ಮೊದಲು ಕಂಡದ್ದು ನಮ್ಮ ಬಚ್ಚಲ ಒಲೆಯ ಮುಂದೆ. ಮಾಗಿಯ ಚಳಿಯಲ್ಲಿ ನಮ್ಮ ಮನೆಗೆ ಬಂದರೆ ಅವರು ನೇರವಾಗಿ ಕೊಟ್ಟಿಗೆಗೆ ಹೋಗುತ್ತಿರಲಿಲ್ಲ. ಮೊದಲು ಬಚ್ಚಲಿಗೆ ಬಂದು, ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯನ್ನು ಉರಿಗೆ ಹಿಡಿಯುತ್ತಿದ್ದರು.

"ಸ್ವಲ್ಪ ಸರೀರಿ ತಾಯಿ, ಕೈ ಕಾಯಿಸ್ಕೋತೀನಿ. ತಣ್ಣನೆ ಕೈ ಇಟ್ರೆ ದನ ಬೆದರ್ತದೆ. ಅದಕ್ಕೆ ಮೊದಲೇ ನೋವು, ಅದರ ಮೇಲೆ ನನ್ನ ಚಳೀನೂ ಯಾಕೆ?"

ಅವರು ದನದ ಆಸ್ಪತ್ರೆಯ ಡಾಕ್ಟರು. ಕೊಡಗು ಮೈಸೂರಿಗೆ ಸೇರಿದ ಹೊಸತು. ಆಗ ಆ ಕಡೆಯಿಂದ ನಮ್ಮ ಕಡೆಗೆ ವರ್ಗವಾಗಿ ಬಂದವರಲ್ಲಿ ಇವರೂ ಒಬ್ಬರು. ಮಂಡ್ಯ ಸೀಮೆಯವರು, ಬಿಸಿಲಲ್ಲಿ ಬೆಳೆದ ಮೈ. ನಮ್ಮದು ಶಿರಂಗಾಲದ ಹತ್ತಿರ, ಹೊಳೆ ದಂಡೆಯ ಊರು. ಮಾವನ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿದ ಒಕ್ಕಲು ನಾವು. ಮಾಗಿಯಲ್ಲಿ ಹೊಳೆಯಿಂದೇಳುವ ಮಂಜು ಮಧ್ಯಾಹ್ನಕ್ಕೆ ಮುಂಚೆ ಗದ್ದೆ ಬಿಟ್ಟು ಹೋಗುವುದಿಲ್ಲ. ಆ ಮಂಜಿನೊಳಗಿಂದ ಡಾಕ್ಟರು ಸೈಕಲ್ ತುಳಿದುಕೊಂಡು ಬರುವರು. ತಲೆಗೆ ಉಣ್ಣೆಯ ಕುಲಾವಿ, ಅದರ ಮೇಲೊಂದು ಮಫ್ಲರು, ಕೋಟಿನ ಒಳಗೆ ಎರಡು ಸ್ವೆಟರು. ಕಾಣುತ್ತಿದ್ದುದು ಮೂಗೊಂದೇ.

ನಮ್ಮ ಮಾವ ಜಗಲಿಯಿಂದಲೇ ಕೆಣಕುವರು. "ಕೊಡಗನ್ನ ಮೈಸೂರಿಗೆ ಸೇರಿಸಿದ್ರು, ಚಳೀನ ಮಾತ್ರ ನಮಗೇ ಬಿಟ್ರು. ಅಲ್ವಾ ಡಾಕ್ಟ್ರೇ?"

"ಸೇರಿಸಿದ್ದು ನಾನಲ್ಲ ಗೌಡ್ರೇ. ನನ್ನ ಇಲ್ಲಿಗೆ ಹಾಕಿದ್ದೂ ನಾನಲ್ಲ. ಮೊದಲು ಕಾಫಿ ಬರ್ಲಿ."

ಬೆಲ್ಲದ ಕಾಫಿ ಎಂದರೆ ಅವರಿಗೆ ಪ್ರಾಣ. ದೊಡ್ಡ ಲೋಟದಲ್ಲೇ ಕೊಡಬೇಕು. ಕುಡಿದು ಮುಗಿಸಿ, ತಳದಲ್ಲಿ ಉಳಿದ ಬೆಲ್ಲದ ಗಷ್ಟನ್ನು ಬೆರಳಲ್ಲಿ ತೆಗೆದು ಕರುವಿನ ಬಾಯಿಗೆ ಇಡುವರು. ದನಗಳನ್ನು ಮರ್ಯಾದೆಯಿಂದ ಮಾತಾಡಿಸುವುದು ಅವರ ಇನ್ನೊಂದು ಅಭ್ಯಾಸ. ಹಸುವಿಗೆ 'ಏನವ್ವ' ಎನ್ನುವರು, ಎತ್ತಿಗೆ 'ಗೌಡ್ರೇ' ಎನ್ನುವರು. ಒಮ್ಮೆ ಕೊಟ್ಟಿಗೆಯಲ್ಲಿ ಎತ್ತಿನ ಗೊರಸು ನೋಡುತ್ತಾ, "ಗೌಡ್ರೇ, ಸ್ವಲ್ಪ ಹಿಂದಕ್ಕೆ ಸರೀರಿ, ಕಾಲು ಎತ್ತಿ" ಎಂದರು. ಹಿಂದೆ ನಿಂತಿದ್ದ ಮಾವ ಸರಿದೇಬಿಟ್ಟರು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದರು. "ಕಾಲು ಎತ್ತಲಿಲ್ಲವಲ್ಲ, ಪುಣ್ಯ" ಎಂದು ಅತ್ತೆ ಆ ಮಾತನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದರು.

ನಗುವಿನ ಮಾತು ಇಷ್ಟೇ. ನಾನು ಹೇಳಬೇಕೆಂದು ಕೂತಿರುವುದು ಭಯದ ಮಾತು.

ನಮ್ಮ ಮನೆಯಲ್ಲಿ ಕೆಂಚ ಎಂಬ ನಾಯಿ ಇತ್ತು. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿಕೊಂಡದ್ದು. ನಾನು ಮದುವೆಯಾಗಿ ಬಂದ ವರ್ಷವೇ ಅದೂ ಮರಿಯಾಗಿ ಆ ಮನೆಗೆ ಬಂದದ್ದು. ಹೊಸ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಹೆದರಿಕೊಂಡು, ಒಟ್ಟಿಗೆ ಹೊಂದಿಕೊಂಡವರು. ಚಳಿಗಾಲದಲ್ಲಿ ಅದರ ಹಾಸಿಗೆ ಬಚ್ಚಲ ಒಲೆಯ ಬೂದಿ. ಬೆಳಗ್ಗೆ ನಾನು ಒಲೆ ಹೊತ್ತಿಸಲು ಹೋದರೆ ಬೂದಿಯಿಂದ ಎದ್ದು, ಮೈ ಕೊಡವಿ, ನನ್ನ ಮುಖಕ್ಕೆಲ್ಲ ಬೂದಿ ಹಾರಿಸುತ್ತಿತ್ತು. ಮಗಳು ಹುಟ್ಟಿದ ಮೇಲೆ ತೊಟ್ಟಿಲ ಕೆಳಗೆ ಮಲಗಲು ಶುರುಮಾಡಿತು. ನಾಯಿಯನ್ನು ಒಳಗೆ ಬಿಡಬಾರದು ಎಂದು ಅತ್ತೆ ಬೈಯುವರು. ಬೈದು, ತಾವೇ ಅದಕ್ಕೊಂದು ಗೋಣಿ ಹಾಸುವರು.

ಆ ವರ್ಷ ಕುಯ್ಲಿನ ಕಾಲದಲ್ಲಿ ಒಂದು ನರಿ ಕಣದ ಹತ್ತಿರ ಬಂದಿತ್ತು. ಹಾಡುಹಗಲು. ಆಳುಗಳು ಕೂಗಿದರೂ ಓಡಲಿಲ್ಲ. ಕೆಂಚ ಅದರ ಮೇಲೆ ಬಿದ್ದು, ಹೊರಳಾಡಿ, ಕೊನೆಗೆ ಓಡಿಸಿಯೇ ಬಿಟ್ಟಿತು. ಮಡಚಿದ ಕಿವಿ ಹರಿದು ರಕ್ತ ಬಂದಿತ್ತು. ನಾನು ಅರಿಶಿನ ಹಚ್ಚಿದೆ. ಗಾಯ ವಾಸಿಯಾಯಿತು, ಎಲ್ಲರೂ ಮರೆತೂ ಬಿಟ್ಟೆವು. ಹಗಲಲ್ಲಿ ಜನರ ನಡುವೆ ನರಿ ಯಾಕೆ ಬಂತು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಧನುರ್ಮಾಸದಲ್ಲಿ ನಮ್ಮ ಒಕ್ಕಣೆ ಮುಗಿಯಿತು. ರಾಶಿಪೂಜೆ ಮಾಡಿ ಭತ್ತ ಮನೆಗೆ ತಂದ ದಿನ ಆಳುಗಳಿಗೆಲ್ಲ ಕೋಳಿಸಾರು, ಅಕ್ಕಿ ಕಡುಬು ಹಾಕುವುದು ವಾಡಿಕೆ. ಆ ತಿಂಗಳೆಲ್ಲ ನಾನು ಬೆಳಗಿನ ಪೂಜೆಗೆ ಈಶ್ವರನ ಗುಡಿಗೆ ಹೋಗುತ್ತಿದ್ದುದರಿಂದ ಮಾಂಸ ಮುಟ್ಟುತ್ತಿರಲಿಲ್ಲ. ಬಡಿಸಿದೆ ಅಷ್ಟೆ. ಎಲೆಯೆತ್ತಿದ ಮೇಲೆ ಮೂಳೆಯ ರಾಶಿಯನ್ನು ಕೆಂಚನ ಮುಂದೆ ಸುರಿದವಳೂ ನಾನೇ. ಅದು ಮೂಸಿ ನೋಡಿ ಹಾಗೇ ಬಿಟ್ಟು ಹೋಯಿತು. ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ಮರುದಿನ ಬೆಳಗ್ಗೆ ಬೂದಿಯಿಂದ ಅದು ಏಳಲಿಲ್ಲ. ಬಾಯಿ ಅರ್ಧ ತೆರೆದೇ ಇತ್ತು. ಕೆಳದವಡೆ ಜೋತುಬಿದ್ದು, ನಾಲಿಗೆ ಹೊರಗೆ, ಜೊಲ್ಲು ದಾರದಂತೆ ಇಳಿಯುತ್ತಿತ್ತು. ನೀರಿಟ್ಟರೆ ಮೂತಿ ಅದ್ದುತ್ತದೆ, ಆದರೆ ನುಂಗಲಾರದು. ಕೂಗಲು ಹೋದರೆ ಒಡಕು ದನಿ.

"ಮೂಳೆ ಸಿಕ್ಕಂಡದೆ ಕಣಮ್ಮ" ಎಂದರು ಅತ್ತೆ. "ನೆನ್ನೆ ಅಷ್ಟೊಂದು ಹಾಕ್ದಲ್ಲ. ಗಂಟ್ಲಲ್ಲಿ ಅಡ್ಡ ನಿಂತದೆ."

ಆಳುಗಳೂ ಅದನ್ನೇ ಹೇಳಿದರು, ಮಾವನೂ ಅದನ್ನೇ ಹೇಳಿದರು. ರಾಶಿ ಊಟದ ಮರುದಿನ ನಾಯಿ ಬಾಯಿ ಬಿಟ್ಟುಕೊಂಡು ಕೂತರೆ ನಮ್ಮ ಕಡೆ ಯಾರಾದರೂ ಹೇಳುವ ಮಾತು ಅದೊಂದೇ. ನನಗೂ ಬೇರೆ ಯೋಚನೆ ಬರಲಿಲ್ಲ. ಕೆಂಚನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಬಾರೋ ನನ್ನಪ್ಪ" ಎನ್ನುತ್ತಾ ಬಲಗೈ ಒಳಗೆ ಹಾಕಿದೆ. ಗಂಟಲವರೆಗೂ ತಡವಿದೆ. ಅದು ಕಚ್ಚಲಿಲ್ಲ. ಕಚ್ಚಲು ಅದರ ದವಡೆಯಲ್ಲಿ ಶಕ್ತಿಯೇ ಇರಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಮೂಳೆ ಸಿಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೋಗಿ ರೊಟ್ಟಿ ತಟ್ಟಿದೆ.

ನಮ್ಮ ಯಜಮಾನರು ಹುಲ್ಲಿನ ಗಾಡಿ ಹೊಡೆಯುತ್ತಿದ್ದವರು ದಾರಿಯಲ್ಲಿ ಡಾಕ್ಟರನ್ನು ಕಂಡು ವಿಷಯ ಹೇಳಿದರಂತೆ. ಅವರು ಪಕ್ಕದ ಊರಿನ ದನಗಳಿಗೆ ಸೂಜಿಮದ್ದು ಹಾಕಲು ಬಂದಿದ್ದರು. ದೇವರು ಅಷ್ಟರ ಮಟ್ಟಿಗೆ ನನ್ನ ಕಡೆ ನೋಡಿದ. ಅವರು ಆ ದಿನ ಬೇರೆ ಹಾದಿ ಹಿಡಿದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಆ ದಿನ ಅವರು ಬಂದವರೇ ಕೈ ಕಾಯಿಸಿಕೊಳ್ಳಲಿಲ್ಲ. ಬಚ್ಚಲ ಬಾಗಿಲಲ್ಲೇ ನಿಂತರು. ಬ್ಯಾಟರಿಯ ಬೆಳಕು ಬಿಟ್ಟು ದೂರದಿಂದಲೇ ಕೆಂಚನ ಬಾಯಿ ನೋಡಿದರು. 'ಏನಪ್ಪ' ಎನ್ನಲಿಲ್ಲ. ಯಾವ ಪ್ರಾಣಿಯನ್ನೂ ಮುಟ್ಟದೆ ಬಿಡದ ಮನುಷ್ಯ ನಮ್ಮ ಕೆಂಚನನ್ನು ಮುಟ್ಟಲಿಲ್ಲ.

"ಇದಕ್ಕೆ ಯಾವಾಗಾದ್ರೂ ನರಿಗಿರಿ ಕಚ್ಚಿತ್ತಾ ಗೌಡ್ರೇ?"

ಮಾವ ಕಣದ ಕತೆಯನ್ನು ಹೆಮ್ಮೆಯಿಂದ ಹೇಳಿದರು. ಡಾಕ್ಟರ ಮುಖ ಇಳಿಯುತ್ತಾ ಹೋಯಿತು. ಆಮೇಲೆ ತಿರುಗಿ ನಮ್ಮೆಲ್ಲರ ಕಡೆ ನೋಡಿ ಕೇಳಿದರು:

"ಬಾಯಿಗೆ ಕೈ ಹಾಕಿದ್ದು ಯಾರು?"

ಹಿರಿಯರ ಮುಂದೆ ಬಾಯಿ ಬಿಡುವುದು ಆಗ ಸೊಸೆಯರಿಗೆ ಗೊತ್ತಿರಲಿಲ್ಲ. ಅತ್ತೆಯೇ ಹೇಳಿದರು, "ನಮ್ಮ ಹುಡುಗಿ ಹಾಕಿದ್ಳು. ಮೂಳೆ ಸಿಗ್ಲಿಲ್ಲ."

"ಮೂಳೆ ಇಲ್ಲ ಅವ್ವ. ಹುಚ್ಚು ಹಿಡಿದದೆ. ಹುಚ್ಚು ಅಂದ್ರೆ ಓಡಾಡಿ ಕಚ್ಚೋದು ಒಂದೇ ಅಲ್ಲ. ಹಿಂಗೆ ಸುಮ್ಮನೆ ಕೂತು, ದವಡೆ ಬಿದ್ದು ಸಾಯೋದೂ ಉಂಟು."

ಒಳಗೆ ತೊಟ್ಟಿಲಲ್ಲಿ ಕೂಸು ಅತ್ತಿತು. ಹೋಗಿ ಎತ್ತಿಕೊಳ್ಳಲು ಕೈ ಬರಲಿಲ್ಲ. ಆ ಕೈಯಲ್ಲಿ ಎತ್ತಿಕೊಳ್ಳುವುದು ಹೇಗೆ?

"ಬನ್ನಿ ತಾಯಿ" ಎಂದು ಡಾಕ್ಟರು ನನ್ನನ್ನು ಹಿತ್ತಲ ಕಲ್ಲಿನ ಹತ್ತಿರ ಕೂರಿಸಿದರು. ಹಂಡೆಯಿಂದ ಬಿಸಿನೀರು ತೋಡಿ, ಬಟ್ಟೆಸೋಪು ಕೊಟ್ಟು, ತೊಳೆಸಿದರು. ತೊಳೆದೆ. ಇನ್ನೂ ತೊಳೀರಿ ಎಂದರು. ಅವರೇ ಚೊಂಬಿನಲ್ಲಿ ನೀರು ಹೊಯ್ಯುತ್ತಾ ನಿಂತರು. ಗಂಡಸರೊಬ್ಬರು, ಅದೂ ಸರಕಾರಿ ಡಾಕ್ಟರು, ನನ್ನ ಕೈಗೆ ನೀರು ಹೊಯ್ಯುತ್ತಿದ್ದಾರೆ ಎಂಬ ನಾಚಿಕೆ ಕೂಡ ಆಗ ಹತ್ತಿರ ಸುಳಿಯಲಿಲ್ಲ. ಸೋಪು ಬೆರಳ ಸಂದಿಯಲ್ಲಿ ಉರಿಯಿತು. ಉರಿ ಎಂದು ನಾನು ಮುಖ ಕಿವಿಚಿದ್ದನ್ನು ಅವರು ನೋಡಿಬಿಟ್ಟರು.

ಮಾಗಿ ಬಂದರೆ ನನ್ನ ಕೈ ಒಡೆಯುತ್ತದೆ. ತಣ್ಣೀರು, ಬೂದಿ, ಪಾತ್ರೆ, ಸಗಣಿ. ಬೆರಳ ಗೆಣ್ಣುಗಳೆಲ್ಲ ಬಿರಿದು ಕೆಂಪಗೆ ಕಾಣುತ್ತಿದ್ದವು. ಎಲ್ಲ ಹೆಂಗಸರಿಗೂ ಇದ್ದದ್ದೇ, ಅದನ್ನು ಗಾಯವೆಂದು ನಾನು ಎಣಿಸಿರಲೂ ಇಲ್ಲ.

ಜಗಲಿಯಲ್ಲಿ ಮಾವ ಗೋಡೆಯ ಕೋವಿ ಇಳಿಸಿಕೊಂಡಿದ್ದರು. ಹಂದಿ ಕಾಯಲು ಇಟ್ಟಿದ್ದ ಕೋವಿ ಅದು. ಡಾಕ್ಟರು ಅಡ್ಡ ನಿಂತರು.

"ಕೋವಿ ಬೇಡ ಗೌಡ್ರೇ. ನಾಯೀನ ಹುಲ್ಲಿನ ಕೊಟ್ಟಿಗೇಲಿ ಕೂಡಿ, ಬಾಗಿಲು ಹಾಕಿ. ಹೆಂಗೆ ಸಾಯ್ತದೆ ಅಂತ ನಾನು ನೋಡ್ಬೇಕು, ಆಗ್ಲೇ ಖಾತ್ರಿ ಆಗೋದು. ನೀವೀಗ ಗಾಡಿ ಕಟ್ಸಿ. ಕುಶಾಲನಗರಕ್ಕೆ ಹೋದ್ರೆ ಮಡಿಕೇರಿ ಬಸ್ಸು ಸಿಗ್ತದೆ. ಇವತ್ತೇ ದೊಡ್ಡಾಸ್ಪತ್ರೇಲಿ ಸೂಜಿ ಶುರುವಾಗ್ಬೇಕು."

ಮಾವ ಕೋವಿ ಗೋಡೆಗೆ ಒರಗಿಸಿದರು. "ಏನ್ ಡಾಕ್ಟ್ರೇ, ಕಚ್ಚಿದ್ರೆ ಒಂದು ಮಾತು. ಹಲ್ಲೂ ತಾಗಿಲ್ಲ. ಜೊಲ್ಲಿಗೆಲ್ಲ ಹೊಟ್ಟೆಗೆ ಸೂಜಿ ಹಾಕಿಸ್ತಾ ಹೋದ್ರೆ ಊರಲ್ಲಿ ಯಾರ ಹೊಟ್ಟೇನೂ ಉಳಿಯಲ್ಲ."

"ಹೊಳೆಯಾಚೆ ಒಬ್ರು ಸೊಪ್ಪು ಕೊಡ್ತಾರೆ" ಎಂದರು ಅತ್ತೆ, "ಪಥ್ಯ ಮಾಡಿ ಕುಡಿದ್ರೆ ಸಾಕಂತೆ."

"ಸೊಪ್ಪೂ ಕುಡೀಲಿ ಅವ್ವ, ಬೇಡ ಅನ್ನಲ್ಲ. ಸೂಜಿ ಮಾತ್ರ ಬಿಡಂಗಿಲ್ಲ." ಡಾಕ್ಟರು ನನ್ನ ಕೈಯನ್ನು ಮಾವನ ಮುಂದೆ ಚಾಚಲು ಹೇಳಿದರು. ಚಾಚಿದೆ. "ನೋಡಿ ಗೌಡ್ರೇ. ಬೇಸಿಗೇಲಿ ಬಿರುಕು ಬಿಟ್ಟ ಗದ್ದೆ ಇದು. ಮೇಲೆ ನೀರು ಬಿಟ್ರೆ ಒಳಗೆ ಇಳಿಯಲ್ವಾ? ಅದರ ವಿಷ ಇರೋದು ಹಲ್ಲಲ್ಲಲ್ಲ, ಜೊಲ್ಲಲ್ಲಿ."

ಮಾವ ಕೈ ನೋಡಿದರು. ನೋಡಿ ಮುಖ ಆಚೆ ತಿರುಗಿಸಿದರು. ಅವರು ಕೆಟ್ಟವರಲ್ಲ. ಭಯವಾದರೆ ಅವರಿಗೆ ಹಟ ಬರುತ್ತಿತ್ತು. "ಎತ್ತು ಹುಲ್ಲು ಹೇರ್ತಾ ಅವೆ. ಕೂಸು ಬೇರೆ ಮೊಲೆ ಬಿಟ್ಟಿಲ್ಲ. ನಾಳೆ ನೋಡಾಣ. ಕಾಫಿ ತಗಳ್ಳಿ."

ಅತ್ತೆ ಕಾಫಿ ತಂದಿಟ್ಟರು. ದೊಡ್ಡ ಲೋಟ, ಬೆಲ್ಲದ ಕಾಫಿ, ಹಬೆ ಏಳುತ್ತಿತ್ತು. ಡಾಕ್ಟರು ಜಗಲಿಯ ಮೇಲೆ ಕೂತರು. ಲೋಟ ಮುಟ್ಟಲಿಲ್ಲ.

"ತಗಳ್ಳಿ ಡಾಕ್ಟ್ರೇ, ಆರ್ತದೆ."

"ನಿಮ್ಮ ಸೊಸೆ ಗಾಡಿ ಹತ್ತೋವರೆಗೆ ಈ ಮನೇಲಿ ನಾನು ಏನೂ ಕುಡಿಯಲ್ಲ ಗೌಡ್ರೇ. ಇಲ್ಲಿಂದ ಏಳೋದೂ ಇಲ್ಲ."

ಬಂದವರು, ಕೊಟ್ಟ ಕಾಫಿ ಕುಡಿಯದೆ ಜಗಲಿ ಇಳಿದರೆ ಮನೆಗೆ ಒಳ್ಳೆಯದಲ್ಲ ಎಂಬುದು ನಮ್ಮಲ್ಲಿನ ನಂಬಿಕೆ. ಜಗಳವಾಡಿ ಸಂಬಂಧ ಮುರಿದುಕೊಂಡ ನೆಂಟರು ಮಾತ್ರ ಹಾಗೆ ಮಾಡುವುದು. ಮಾವನ ಮುಖ ಕಪ್ಪಿಟ್ಟಿತು. "ಇದೇನ್ ಡಾಕ್ಟ್ರೇ, ನಮ್ಮನ್ನ ಹೆದರಿಸ್ತೀರಾ?"

ಡಾಕ್ಟರು ಕುಲಾವಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಆ ಚಳಿಯಲ್ಲಿ ಅವರು ಕುಲಾವಿ ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೂದಲು ಅರ್ಧ ನರೆತಿತ್ತು. ತಗ್ಗಿದ ದನಿಯಲ್ಲಿ ಹೇಳಿದರು:

"ಹಿಂದೆ ಒಂದು ಮನೇಲಿ ಹಿಂಗೇ ಅಂದ್ರು. ಕಚ್ಚಿಲ್ಲ, ನಾಳೆ ನೋಡಾಣ, ಕಾಫಿ ಕುಡೀರಿ ಅಂದ್ರು. ಕುಡಿದು ಎದ್ದು ಹೋದೆ. ಒಂದ್ಸಲ ಎದ್ದು ಹೋಗಿದ್ದು ಸಾಕು ಗೌಡ್ರೇ."

ಆ ಮನೆ ಯಾವುದು, ಅಲ್ಲಿ ಯಾರು ಹೋದರು, ನಾನು ಆಮೇಲೂ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಕಾಫಿಯ ಮೇಲೆ ಕೆನೆ ಕಟ್ಟಿತು. ಮಾವ ಅಂಗಳ ನೋಡುತ್ತಾ ಕೂತರು, ಡಾಕ್ಟರು ಲೋಟ ನೋಡುತ್ತಾ ಕೂತರು. ಹುಲ್ಲಿನ ಕೊಟ್ಟಿಗೆಯಿಂದ ಕೆಂಚನ ಒಡಕು ದನಿ ಒಮ್ಮೆ ಕೇಳಿಸಿತು. ಅದನ್ನು ಕೇಳಿ ನಾನು ದೇವರ ಮನೆಯ ಬಾಗಿಲು ಹಿಡಿದುಕೊಂಡೆ. ಹರಕೆ ಹೊರಲೂ ಬಾಯಿ ಬರಲಿಲ್ಲ. 'ಈಶ್ವರ, ಈಶ್ವರ' ಎಂದಷ್ಟೇ ಬಂತು.

ಆಗ ಅಂಗಳದಲ್ಲಿ ಗಾಡಿಯ ಸದ್ದಾಯಿತು. ಆಳೊಬ್ಬನಿಂದ ವಿಷಯ ತಿಳಿದು ನಮ್ಮ ಯಜಮಾನರು ಹೇರಿದ್ದ ಹುಲ್ಲನ್ನೆಲ್ಲ ದಾರಿ ಬದಿಗೆ ತಳ್ಳಿ ಬರಿಗಾಡಿ ತಂದು ನಿಲ್ಲಿಸಿದ್ದರು. ಅಪ್ಪನ ಮಾತು ಮೀರಿ ಒಂದು ಹಗ್ಗವನ್ನೂ ಬಿಚ್ಚದ ಮನುಷ್ಯ. ಮಾವನ ಕಡೆ ನೋಡಲೂ ಇಲ್ಲ. "ಅವ್ವಾ, ಕೂಸಿನ ಬಟ್ಟೆ ಕಟ್ಟು. ನೀನೂ ಹೊರಡು" ಎಂದರು.

ಮಾವ ಎದ್ದರು. ಬೈಯುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ತಮ್ಮ ಕಂಬಳಿ ತಂದು ಗಾಡಿಯೊಳಗೆ ಹಾಸಿದರು.

ಗಾಡಿ ಹತ್ತಿದ ಮೇಲೆ ನನಗೆ ಅಳು ತಡೆಯಲಿಲ್ಲ. ಡಾಕ್ಟರು ಚಕ್ರದ ಪಕ್ಕ ಬಂದು ನಿಂತು ಎಡಗೈ ತೋರಿಸಿದರು. "ನೋಡಿ ತಾಯಿ, ಇದು ಹುಚ್ಚುನಾಯಿ ಕಚ್ಚಿದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಆಮೇಲೆ ಇನ್ನೊಂದು ಸಲ ಬೇರೆ. ನನ್ನ ಹೊಟ್ಟೆ ಜರಡಿ ಆಗ್ಬಿಟ್ಟದೆ. ಏನು, ಬೊಗಳ್ತಾ ಇದೀನಾ?"

ಅಳುವಿನ ನಡುವೆ ನಗು ಬಂತು. ಅವರು ಆ ತಣ್ಣಗಾದ ಕಾಫಿಯನ್ನು ಕೈಗೆತ್ತಿಕೊಂಡು ಕೆನೆ ಸಮೇತ ಕುಡಿದದ್ದು ಗಾಡಿ ತಿರುಗುವಾಗ ಕಾಣಿಸಿತು. ಖಾಲಿ ಲೋಟ ಹಿಡಿದುಕೊಂಡೇ ಗಾಡಿಯ ಹಿಂದೆ ಅಂಗಳದ ಕೊನೆಯವರೆಗೆ ಬಂದರು. ನಗಿಸಿದವರಿಗೂ ಭಯವಿದೆ ಎಂದುಕೊಂಡೆ.

ಮಡಿಕೇರಿಯ ಚಳಿ ನಮ್ಮೂರಿನ ಚಳಿಯಲ್ಲ. ಆಸ್ಪತ್ರೆಯ ಕಿಟಕಿಯಾಚೆ ಮಂಜು ಬಿಟ್ಟರೆ ಬೇರೇನೂ ಇಲ್ಲ. ದಿನವೂ ಹೊಟ್ಟೆಗೆ ಸೂಜಿ. ಚುಚ್ಚಿದ ಜಾಗ ಊದಿಕೊಂಡು, ಬಗ್ಗಲೂ ಆಗದು, ಮಗ್ಗುಲಾಗಲೂ ಆಗದು. ಕೂಸಿಗೆ ಹಾಲು ಕೊಡಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅದೊಂದು ದೊಡ್ಡ ಕರುಣೆ. ಆದರೂ ಮುಟ್ಟುವ ಮುಂಚೆ ಮೊಣಕೈವರೆಗೆ ತೊಳೆಯುವೆ. ಹಾಲು ಕೊಡುವಾಗ ಮುಖ ಆಚೆ ತಿರುಗಿಸಿಕೊಳ್ಳುವೆ. ನನ್ನ ಉಸಿರು ತಾಗಿದರೆ? ನನ್ನ ಬಾಯಿಯಿಂದ ಒಂದು ಹನಿ ಬಿದ್ದರೆ? ಅಂದಿನಿಂದ ಮಗಳಿಗೆ ಮುತ್ತು ಕೊಡುವುದನ್ನು ಬಿಟ್ಟೆ.

ಅತ್ತೆ ಪಕ್ಕದ ಮಂಚದವರ ಹತ್ತಿರ ಹೇಳುವರು, "ದನದ ಡಾಕ್ಟ್ರ ಮಾತು ಕೇಳಿ ಮನುಷ್ಯರನ್ನ ಆಸ್ಪತ್ರೆಗೆ ಸೇರಿಸಿದೋರು ನಾವೇ ಮೊದಲು ಇರ್ಬೇಕು ಕಣಮ್ಮ." ಬಾಯಲ್ಲಿ ಹಾಗೆ. ನಾನು ನೀರು ಕುಡಿಯುವಾಗ ಮಾತ್ರ ಅವರ ಕಣ್ಣು ನನ್ನ ಗಂಟಲ ಮೇಲೆ. ಹುಚ್ಚುನಾಯಿಯ ವಿಷ ಏರಿದವರಿಗೆ ನೀರು ಕಂಡರೆ ಆಗುವುದಿಲ್ಲ, ಗಂಟಲು ಹಿಡಿದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಕೆಲವು ದಿನಕ್ಕೆ ನಮ್ಮ ಯಜಮಾನರು ಅಕ್ಕಿ ತೆಗೆದುಕೊಂಡು ಬಂದರು. ಕೆಂಚ ಹೋಗಿಬಿಟ್ಟಿತ್ತು. ಡಾಕ್ಟರು ದಿನಾ ಬಂದು ಕೊಟ್ಟಿಗೆಯ ಬಿರುಕಿನಿಂದ ನೋಡಿ ಹೋಗುತ್ತಿದ್ದರಂತೆ. ಕೊನೆಗೆ ಆಳವಾಗಿ ಗುಂಡಿ ತೆಗೆಸಿ, ಸುಣ್ಣ ಹಾಕಿಸಿ, ಅದರ ಗೋಣಿಯನ್ನೂ ಹಗ್ಗವನ್ನೂ ಸುಡಿಸಿದರಂತೆ. "ಹುಚ್ಚೇ ಹೌದಂತೆ" ಎಂದರು ಇವರು, ನೆಲ ನೋಡುತ್ತಾ. "ಸೂಜಿ ಒಂದೂ ತಪ್ಪಿಸ್ಬೇಡಿ ಅಂತ ಹೇಳಿ ಕಳಿಸವ್ರೆ." ಅಕ್ಕಿಯ ಗಂಟನ್ನು ಮಂಚದ ಕೆಳಗೆ ತಳ್ಳುತ್ತಾ, "ಯಾರಾದ್ರೂ ಹೆಂಗಸರು ಬಳೆ ಸದ್ದು ಮಾಡ್ತಾ ಹೋದ್ರೆ ಕಿವಿ ಎತ್ತೋದು. ನೀನು ಅಂತ" ಎಂದರು.

ಸೂಜಿಯೆಲ್ಲ ಮುಗಿಸಿಕೊಂಡು ಊರಿಗೆ ಬಂದೆ. ಬಚ್ಚಲ ಒಲೆಯ ಬೂದಿ ತಣ್ಣಗೆ, ಸಪಾಟಾಗಿ ಬಿದ್ದಿತ್ತು.

ಭಯ ಮಾತ್ರ ಮುಗಿದಿರಲಿಲ್ಲ. ಸೂಜಿ ಹಾಕಿಸಿದರೂ ಕೆಲವರಿಗೆ ತಿಂಗಳ ಮೇಲೆ ಏರಿದ್ದುಂಟು ಎಂದು ಊರಿನ ಹೆಂಗಸರು ಹೇಳಿಹೋದರು. ಹೇಳದೆ ಇದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ. ನಾನು ಬೆಳಗ್ಗೆ ಗುಡಿಗೆ ಹೋಗುವುದನ್ನು ಬಿಡಲಿಲ್ಲ. ಪೂಜಾರಪ್ಪನವರು ಅಂಗೈಗೆ ತೀರ್ಥ ಹಾಕುವರು. ಅಂಗೈಯಲ್ಲಿ ಆ ಒಂದು ಗುಟುಕು ನೀರು ಅಲುಗಾಡುವುದನ್ನು ನೋಡುತ್ತಾ ನಿಲ್ಲುವೆ. ಹಿಂದಿನವರು ತಳ್ಳುವರು, "ತಗೊಳ್ಳಮ್ಮ, ಏನು ನೋಡ್ತೀಯ?" ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಳ್ಳುವೆ. ತೀರ್ಥ ಗಂಟಲಲ್ಲಿ ಇಳಿದರೆ ಆ ಒಂದು ದಿನ ನನ್ನದು. ಮನೆಗೆ ಬಂದು ಮಗಳ ಮುಖ ನೋಡುವೆ. ಮರುದಿನ ಮತ್ತೆ ಅದೇ ಅಂಗೈ, ಅದೇ ನೀರು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಆ ಸಮಯದಲ್ಲೇ ಡಾಕ್ಟರು ನಮ್ಮ ಮನೆಗೆ ಬರುವುದು ಹೆಚ್ಚಾಯಿತು. ಎಮ್ಮೆಯ ಕೊಂಬು ನೋಡಬೇಕಿತ್ತು ಎನ್ನುವರು. ಕರುವಿನ ಹೊಕ್ಕುಳು ಒಣಗಿತಾ ಎನ್ನುವರು. ಆ ಕರು ಹುಟ್ಟಿ ಎಷ್ಟೋ ಕಾಲವಾಗಿತ್ತು. ಬಚ್ಚಲ ಒಲೆಯ ಮುಂದೆ ಕೂತು ಕೈ ಕಾಯಿಸುತ್ತಾ, ಕಾಫಿಗೆ ಮುಂಚೆ ನೀರು ಕೇಳುವರು.

"ಒಂದು ಲೋಟ ನೀರು ಕೊಡಿ ತಾಯಿ. ನೀವೂ ಒಂದು ತಗೊಳ್ಳಿ. ಒಬ್ಬನೇ ಕುಡಿಯೋಕೆ ನಂಗೆ ಒಂಥರಾ ಆಗ್ತದೆ."

ಇದೆಂಥ ಅಭ್ಯಾಸ ಎಂದುಕೊಳ್ಳುತ್ತಲೇ ನಾನೂ ಕುಡಿಯುವೆ. ಅವರು ಲೋಟದ ಅಂಚಿನ ಮೇಲಿಂದ ನೋಡುವರು. ಕೊನೆಯ ಗುಟುಕು ಇಳಿದ ಮೇಲೆ, "ಹ್ಞಾ, ಈಗ ಕಾಫಿ ಬರ್ಲಿ" ಎನ್ನುವರು.

"ಮಂಡ್ಯದೋರು ನೀರಿಗೂ ಜೊತೆ ಹುಡುಕ್ತಾರೆ ನೋಡು" ಎಂದು ಮಾವ ನಗುವರು. ನನಗೆ ಅರ್ಥವಾದದ್ದು ಒಂದು ದಿನ ನೆಗಡಿಯಾಗಿ ನೀರು ನೆತ್ತಿಗೇರಿದಾಗ. ಕೆಮ್ಮಿದೆ. ಡಾಕ್ಟರ ಲೋಟ ಕೈಯಿಂದ ಬಿದ್ದು ಒಲೆಯ ಕಲ್ಲಿಗೆ ಬಡಿದು ಉರುಳಿತು. ಅವರು ಅದನ್ನು ಎತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಇನ್ನೊಂದು ಸಲ ಕುಡೀರಿ ತಾಯಿ. ನಿಧಾನಕ್ಕೆ."

ಕುಡಿದೆ. ಇಳಿಯಿತು. ಅವರು ಉಸಿರು ಬಿಟ್ಟರು. ದಿನಾ ಗುಡಿಯಲ್ಲಿ ನಾನೊಬ್ಬಳೇ ಪಡುತ್ತೇನೆ ಎಂದುಕೊಂಡಿದ್ದ ಭಯವನ್ನು ಇನ್ನೊಬ್ಬರು ಸೈಕಲ್ ಮೇಲೆ ಹೊತ್ತುಕೊಂಡು, ಆ ಮಂಜಿನಲ್ಲಿ, ನಮ್ಮ ಮನೆವರೆಗೆ ತುಳಿದುಕೊಂಡು ಬರುತ್ತಿದ್ದರು ಎಂದು ಆಗ ತಿಳಿಯಿತು. ನನ್ನ ಹತ್ತಿರ ಒಂದು ಮಾತೂ ಆಡದೆ.

ಮಳೆಗಾಲ ಕಳೆದು, ಹೊಸ ಭತ್ತ ತೆನೆ ಬಾಗಿ, ಮತ್ತೆ ಮಂಜು ಬೀಳುವ ಕಾಲ ಬಂತು. ಒಂದು ಬೆಳಗ್ಗೆ ಅವರು ಬಂದು ಒಲೆಯ ಮುಂದೆ ಕೂತರು. ನಾನು ಎಂದಿನಂತೆ ಎರಡು ಲೋಟ ನೀರು ತಂದೆ.

"ಇವತ್ತು ನೀರು ಬೇಡ ತಾಯಿ. ನೇರ ಕಾಫೀನೇ ಕೊಡಿ" ಎಂದರು. ಬೆಂಕಿ ನೋಡುತ್ತಾ, "ಇನ್ನು ನಿಮ್ಮ ಎಮ್ಮೆ ನೋಡೋದು ಬೇಕಿಲ್ಲ. ವರ್ಷ ತುಂಬ್ತು, ಚೆನ್ನಾಗೇ ಅದೆ" ಎಂದರು.

ಲೋಟಗಳನ್ನು ಅಲ್ಲೇ ಇಟ್ಟು ಒಳಗೆ ಓಡಿದೆ. ಮಗಳು ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಎತ್ತಿಕೊಂಡು ಕೆನ್ನೆಗೆ, ಹಣೆಗೆ, ಅಂಗಾಲಿಗೆ ಮುತ್ತಿಟ್ಟೆ. ಅಭ್ಯಾಸ ತಪ್ಪಿದ್ದ ಅವಳು ಹೆದರಿ ಕಿರುಚಿದಳು. ಅತ್ತೆ ಬಾಗಿಲಲ್ಲಿ ನಿಂತು, "ಸಾಕು ಬಿಡೇ, ಕೂಸಿನ ಕೆನ್ನೆ ಸವೀತದೆ" ಎಂದು ಬೈದರು. ಬೈಯುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಡಾಕ್ಟರು ಮುಂದೆ ಬಹಳ ಕಾಲ ನಮ್ಮಲ್ಲಿ ಉಳಿಯಲಿಲ್ಲ. ಬಯಲುಸೀಮೆಗೆ ವರ್ಗವಾಯಿತು. ಹೊರಡುವ ಮುಂಚೆ ಬಂದು ಕೊಟ್ಟಿಗೆಯ ದನಗಳಿಗೆಲ್ಲ ಹೇಳಿ ಹೋದರು, ಒಂದೊಂದರ ಹಣೆ ಮುಟ್ಟಿ. ಮಾವ ಹೊಸ ಭತ್ತದ ಅಕ್ಕಿಯ ಮೂಟೆಯನ್ನು ಸೈಕಲ್ಲಿಗೆ ತಾವೇ ಕಟ್ಟಿದರು. "ಬಿಸಿಲಿಗೆ ಹೋಗ್ತಾ ಇದೀರಿ, ಕುಲಾವಿ ಇಲ್ಲೇ ಬಿಟ್ಟು ಹೋಗಿ ಡಾಕ್ಟ್ರೇ" ಎಂದು ಕೆಣಕಿ, ಕಟ್ಟಿದ ಹಗ್ಗವನ್ನೇ ಮತ್ತೊಮ್ಮೆ ಬಿಗಿದರು.

ಮಗಳ ಮದುವೆಗೆ ಡಾಕ್ಟರನ್ನು ಕರೆಯಬೇಕೆಂದು ವಿಚಾರಿಸಿದೆವು. ಯಾವ ಊರು ಎಂದು ಗೊತ್ತಾಗಲಿಲ್ಲ. ಅದಾದ ಕೆಲವು ವರ್ಷಕ್ಕೆ, ದನದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಕಾಂಪೌಂಡರು ಹಿತ್ತಲ ಹಸು ನೋಡಲು ಬಂದಾಗ, ಮಾತಿನ ಮಧ್ಯೆ ಅವರ ಸುದ್ದಿ ತೆಗೆದರು. ತೀರಿಹೋಗಿ ಆರು ತಿಂಗಳಾಯಿತಂತೆ. ಎದೆನೋವಂತೆ. ರಿಟೈರಾದ ಮೇಲೂ ದನ ನೋಡುವುದನ್ನು ಬಿಟ್ಟಿರಲಿಲ್ಲವಂತೆ. ಯಾವುದೋ ಹಳ್ಳಿಯ ಕೊಟ್ಟಿಗೆಯಿಂದ ಮನೆಗೆ ಬಂದು ಕೂತವರು ಏಳಲಿಲ್ಲವಂತೆ.

ಕಾಂಪೌಂಡರು ಹೋದ ಮೇಲೆ ಬಚ್ಚಲ ಒಲೆಯ ಮುಂದೆ ಹೋಗಿ ಕೂತೆ. ಎರಡು ಲೋಟ ನೀರು ತಂದಿಟ್ಟುಕೊಂಡೆ. ಯಾಕೆ ತಂದೆ ಎಂದು ನನಗೇ ತಿಳಿಯಲಿಲ್ಲ. ಒಂದನ್ನು ಎತ್ತಿ ಬಾಯಿಗಿಟ್ಟೆ. ಗಂಟಲು ಕಟ್ಟಿಕೊಂಡಿತ್ತು. ನೀರು ಇಳಿಯಲಿಲ್ಲ.

ಆ ವರ್ಷವೆಲ್ಲ ನಾನು ಹೆದರಿಕೊಂಡು ಕಾದಿದ್ದು ಇದಕ್ಕೇ. ಅಂದು ಹೆದರಿಕೆಯಾಗಲಿಲ್ಲ. ನೀರನ್ನು ಒಲೆಯ ಪಕ್ಕ ಇಟ್ಟು, ಎರಡೂ ಕೈ ಉರಿಗೆ ಹಿಡಿದು ಕಾಯಿಸಿಕೊಂಡೆ. ಹಿತ್ತಲಲ್ಲಿ ನೋವಿನಲ್ಲಿ ನಿಂತಿದ್ದ ಹಸುವಿನ ಹತ್ತಿರ ಹೋಗಿ, "ಏನವ್ವ" ಎಂದು ಅದರ ಹೊಟ್ಟೆಯ ಮೇಲೆ ಕೈ ಇಟ್ಟೆ. ಅದು ಬೆದರಲಿಲ್ಲ.